ಪರದೆಯ ಹಿಂದಿನ ಎರಡು ಕೋಣೆ

ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಟಾಕೀಸೊಂದು ತುಮಕೂರು ರಸ್ತೆಯಲ್ಲಿ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ನನ್ನ ತಂಗಿಯ ಮಕ್ಕಳು, "ದೊಡ್ಡಮ್ಮ, ಅದು ಟೆಂಟ್ ಸಿನಿಮಾ ಇರ್ಬೇಕು, ನೀವು ಮರ್ತಿದ್ದೀರ" ಎನ್ನುತ್ತಾರೆ. ಒಂದು ದಿನ ನೋಡಿ ಬಂದಿದ್ದರೆ ಮರೆಯಬಹುದಿತ್ತು. ನಾನು ಎಂಟು ವರ್ಷ ಅದರ ಪರದೆಯ ಬೆನ್ನಿಗೆ ಒಲೆ ಹೂಡಿಕೊಂಡು ಸಂಸಾರ ಮಾಡಿದವಳು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ದಾಸರಹಳ್ಳಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು: ನಾನು, ನಮ್ಮ ಯಜಮಾನರು, ಅವರ ತಾಯಿ. ಯಜಮಾನರು ವೈರ್‌ಮನ್. ನಾನು ಮದುವೆಗೆ ಮುಂಚಿನಿಂದಲೂ ಪೀಣ್ಯದ ಒಂದು ಶೆಡ್ಡಿನಲ್ಲಿ ಕಾಯಿಲ್ ಸುತ್ತುತ್ತಿದ್ದೆ. ಸಣ್ಣ ಟ್ರಾನ್ಸ್‌ಫಾರ್ಮರುಗಳಿಗೆ ತಲೆಗೂದಲಿನಂಥ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತುವ ಕೆಲಸ. ಆ ಸಮಯಕ್ಕೆ ಪೇಟೆಯಲ್ಲಿ ಟಿಂಬರ್ ಡಿಪೋ ಇಟ್ಟಿದ್ದ ಒಬ್ಬರು ಎಲ್ಲೋ ದೂರದ ಊರಿನಲ್ಲಿ ಇಂಥ ಟಾಕೀಸು ನೋಡಿ ಬಂದು, ಮಾಕಳಿಗೆ ಇನ್ನೂ ಸ್ವಲ್ಪ ಈಚೆ, ಒಬ್ಬ ಗೌಡರ ರಾಗಿ ಹೊಲವನ್ನು ಗುತ್ತಿಗೆಗೆ ಹಿಡಿದರು. ವೈರಿಂಗ್ ಕೆಲಸಕ್ಕೆ ಹೋದ ಯಜಮಾನರನ್ನು ಅಲ್ಲೇ ಇರಿಸಿಕೊಂಡರು. ಇರಲು ಜಾಗವನ್ನೂ ಕೊಡುತ್ತೇನೆ ಎಂದರು.

ಆ ಜಾಗ ಪರದೆಯ ಹಿಂದುಗಡೆ. ಪರದೆ ಎಂದರೆ ಬಟ್ಟೆಯದಲ್ಲ, ಮೂರಂತಸ್ತಿನ ಎತ್ತರದ ಇಟ್ಟಿಗೆ ಗೋಡೆ. ಎದುರಿಗೆ ಗಾರೆ ಮಾಡಿ ಬಿಳಿ ಬಣ್ಣ ಬಳಿದಿದ್ದರು. ಗಾಳಿಗೆ ಬೀಳದಿರಲಿ ಎಂದು ಹಿಂದೆ ನಾಲ್ಕು ಆಸರೆ ಗೋಡೆಗಳು. ಅವುಗಳ ನಡುವೆ ಸಿಮೆಂಟ್ ಶೀಟು ಹೊದೆಸಿದರೆ ಎರಡು ಕೋಣೆ ಆದವು. ಬಾಗಿಲು ಪಡುವಣಕ್ಕೆ. ಮಧ್ಯಾಹ್ನದ ಬಿಸಿಲೆಲ್ಲ ಹೀರಿಕೊಂಡ ಗೋಡೆ ರಾತ್ರಿ ಊಟದ ಹೊತ್ತಿಗೂ ಕಾವಲಿಯ ಹಾಗೆ ಬಿಸಿ ಇರುತ್ತಿತ್ತು. ನಮ್ಮತ್ತೆ ಮೊದಲ ದಿನವೇ ಗೋಡೆ ಮುಟ್ಟಿ ನೋಡಿ, "ಇದ್ರಾಗೆ ರೊಟ್ಟಿ ಬೇಯಿಸ್ಬೋದು ಕಣಮ್ಮಿ, ಸೌದೆ ಉಳೀತದೆ" ಎಂದಿದ್ದರು. ಅದು ತಮಾಷೆಯೋ ಬೈಗುಳವೋ ನನಗೆ ತಿಳಿಯಲಿಲ್ಲ. ಅವರ ಮಾತೇ ಹಾಗೆ. ನನಗೆ ಮಕ್ಕಳಾಗಿಲ್ಲ ಎನ್ನುವುದನ್ನೂ ಅದೇ ಧಾಟಿಯಲ್ಲಿ ದಿನಕ್ಕೊಮ್ಮೆ ಹೇಳುತ್ತಿದ್ದರು.

ಗೋಡೆಯ ಎದುರಿನ ಬಯಲಿನಲ್ಲಿ ಬದು ಹಾಕಿದ ಹಾಗೆ ಸಾಲು ಸಾಲಾಗಿ ದಿಣ್ಣೆ ಮಾಡಿದ್ದರು. ಕಾರಿನ ಮೂತಿ ದಿಣ್ಣೆಯ ಮೇಲೆ ಏರಿ ನಿಂತರೆ ಒಳಗಿದ್ದವರಿಗೆ ಪರದೆ ಸರಿಯಾಗಿ ಕಾಣುತ್ತಿತ್ತು. ಎರಡು ಕಾರಿಗೆ ಒಂದರಂತೆ ಕಬ್ಬಿಣದ ಕಂಬ, ಕಂಬಕ್ಕೆ ಎರಡು ತಗಡಿನ ಸ್ಪೀಕರ್ ಡಬ್ಬಿ. ಡಬ್ಬಿಯನ್ನು ತೆಗೆದು ಕಾರಿನ ಕಿಟಕಿ ಗಾಜಿಗೆ ಸಿಕ್ಕಿಸಿಕೊಂಡರೆ ಮಾತು ಕೇಳಿಸುತ್ತಿತ್ತು. ಮಳೆಗೆ ಅದರೊಳಗೆ ದನಿ ಹೊರಡಿಸುವ ಕಾಗದ ಉಬ್ಬಿ ಹರಿಯುತ್ತಿತ್ತು. ಡಬ್ಬಿ ತೆಗೆಯಲು ಮರೆತು ಗಾಡಿ ಬಿಟ್ಟುಕೊಂಡು ಹೋಗುವವರು ವಾರಕ್ಕೆ ಇಬ್ಬರಾದರೂ ಇರುತ್ತಿದ್ದರು. ವೈರು ಕಿತ್ತು, ಒಳಗಿನ ಕಾಯಿಲ್ ಹಾಳಾಗುತ್ತಿತ್ತು. ಅದನ್ನು ಸುತ್ತುವುದು ನನಗೆ ಗೊತ್ತಿದ್ದದ್ದರಿಂದ ರಿಪೇರಿ ನನ್ನ ತಲೆಗೆ ಬಂತು.

ಬೆಳಿಗ್ಗೆ ಎಂಟಕ್ಕೆ ಪೀಣ್ಯದ ಶೆಡ್ಡು, ಸಂಜೆ ಆರಕ್ಕೆ ಮನೆ. ಅಡಿಗೆ ಮಾಡಿ, ಅತ್ತೆಗೆ ಬಡಿಸಿ, ದೀಪದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕೂರುವುದು. ದಿನಕ್ಕೆ ಎರಡು ಆಟ. ಗೋಡೆಯ ಆಚೆ ನೂರಾರು ಡಬ್ಬಿಗಳು ಒಟ್ಟಿಗೆ ಗುಣುಗುಟ್ಟುತ್ತಿದ್ದವು. ಒಂದು ಮಾತೂ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ಎರಡನೇ ಆಟ ಮುಗಿದು ಯಜಮಾನರು ಬಂದು ಮಲಗಿದ ಮೇಲೆಯೇ ನನಗೂ ನಿದ್ದೆ. ಆ ವರ್ಷಗಳನ್ನು ನೆನೆದರೆ ಮೊದಲು ನೆನಪಾಗುವುದು ಕಣ್ಣುರಿ. ಶೆಡ್ಡಿನಲ್ಲಿ ಸುತ್ತು ಎಣಿಸುತ್ತಲೇ ತೂಕಡಿಸಿ, ಎಣಿಕೆ ತಪ್ಪಿ, ಮೊದಲಿನಿಂದ ಸುತ್ತಿದ ದಿನಗಳು ಎಷ್ಟೋ.

"ಬೆಂಗ್ಳೂರು ದೊಡ್ಡದಾಗ್ತಿದೆ, ಎಲ್ಲಾರ ಹತ್ರಾನೂ ಕಾರ್ ಬರತ್ತೆ, ನೋಡ್ತಿರಿ" ಎಂದು ಮಾಲೀಕರು ಹೇಳುತ್ತಿದ್ದರು. ಅವರ ಲೆಕ್ಕ ತಪ್ಪಾಗಿರಲಿಲ್ಲ, ಇಪ್ಪತ್ತು ವರ್ಷ ಮುಂಚೆ ಹಾಕಿದ್ದರು ಅಷ್ಟೆ. ಶುರುವಿನ ತಿಂಗಳುಗಳಲ್ಲಿ ಡಾಕ್ಟರುಗಳು, ಫ್ಯಾಕ್ಟರಿ ಆಫೀಸರುಗಳು, ಸಿನಿಮಾಕ್ಕಿಂತ ಹೆಚ್ಚಾಗಿ ಟಾಕೀಸನ್ನು ನೋಡಲು ಬಂದವರು, ಹೀಗೆ ಜಾಗ ತುಂಬುತ್ತಿತ್ತು. ಆಮೇಲೆ ಶನಿವಾರ ಭಾನುವಾರ ಮಾತ್ರ. ಮೂರನೇ ವರ್ಷಕ್ಕೆ ಸ್ಕೂಟರುಗಳನ್ನೂ ಬಿಟ್ಟರು. ಯಾರೋ ಎತ್ತಿನ ಗಾಡಿ ಹೊಡೆದುಕೊಂಡು ಬಂದು ಕಾರುಗಳ ಮಧ್ಯೆ ನಿಲ್ಲಿಸಿ ಸಿನಿಮಾ ನೋಡಿದರು ಎಂಬ ಕಥೆಯನ್ನು ಸುತ್ತಲ ಹಳ್ಳಿಯವರು ಹೇಳುತ್ತಿದ್ದರು. ಅದು ಸುಳ್ಳು. ನಾನು ಅಲ್ಲೇ ಇದ್ದೆನಲ್ಲ.

ಅತ್ತೆಗೆ ಉಬ್ಬಸ ಇತ್ತು. ದಾಸರಹಳ್ಳಿಯಲ್ಲಿ ಚಳಿಗಾಲಕ್ಕೆ ಮಾತ್ರ ಬರುತ್ತಿದ್ದದ್ದು ಇಲ್ಲಿ ಕಾರುಗಳ ಹೊಗೆಗೆ, ಮಣ್ಣಿನ ದೂಳಿಗೆ ಯಾವಾಗ ಬೇಕಾದರೂ ಬರುತ್ತಿತ್ತು. ಮೂರನೇ ವರ್ಷ ದಸರೆಗೆ ಮುಂಚೆ ಪರದೆಯ ಹಳೆಯ ಬಣ್ಣ ಕೆರೆದು ಹೊಸದು ಬಳಿದರು. ಕೆರೆದ ಪುಡಿ ವಾರವಿಡೀ ನಮ್ಮ ಕೋಣೆಗಳಲ್ಲಿ ಹಾರಾಡಿತು. ಶನಿವಾರ ಮೊದಲನೇ ಆಟ ಶುರುವಾದ ಸ್ವಲ್ಪ ಹೊತ್ತಿಗೆ ಅತ್ತೆ ಗೋಡೆಗೆ ಒರಗಿಕೊಂಡು ಕೂತರು. ಮಾತ್ರೆ ಕೊಟ್ಟೆ, ಬಿಸಿನೀರು ಕೊಟ್ಟೆ, ಬೆನ್ನು ತಿಕ್ಕಿದೆ. ಅರ್ಧ ಗಂಟೆಯಲ್ಲಿ ತುಟಿ ನೀಲಿಗಟ್ಟಿತು. ಏನೋ ಹೇಳಲು ಹೋದರು, ಗಂಟಲಿನಿಂದ ಸಿಳ್ಳಿನ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

ನಾನು ಗೋಡೆ ಸುತ್ತಿಕೊಂಡು ಎದುರಿಗೆ ಓಡಿದೆ. ಯಜಮಾನರು ಇರುತ್ತಿದ್ದ ಮಿಷಿನ್ ರೂಮು ಬಯಲಿನ ನಟ್ಟ ನಡುವೆ. ಆಟ ನಡೆಯುವಾಗ ಯಾರೂ ಎದುರಿಗೆ ಹಾಯಬಾರದು, ನೆರಳು ಬೀಳುತ್ತದೆ ಎಂದು ನಮಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಆ ಹೊತ್ತಿನಲ್ಲೂ ನಾನು ಬಗ್ಗಿಕೊಂಡೇ ಓಡಿದೆ ಎನ್ನುವುದನ್ನು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಮಿಷಿನ್ ರೂಮಿನಲ್ಲಿ ವಯಸ್ಸಾದ ಒಬ್ಬ ಆಪರೇಟರ್ ಮತ್ತು ನಮ್ಮ ಯಜಮಾನರು.

"ಅಮ್ಮಂಗೆ ಉಸಿರೇ ಬರ್ತಿಲ್ಲ ಕಣ್ರೀ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು" ಎಂದೆ.

ಯಜಮಾನರು ಬಾಗಿಲಿಗೆ ಬಂದು ಒಮ್ಮೆ ರಸ್ತೆಯ ಕಡೆ ನೋಡಿದರು. ಆ ಹೊತ್ತಿನಲ್ಲಿ ಅಲ್ಲಿ ಆಟೋ ಸಿಗುತ್ತಿರಲಿಲ್ಲ. ಬಸ್ಸು ನಿಲ್ಲಿಸುತ್ತಿರಲಿಲ್ಲ. ನಮ್ಮ ಎದುರಿಗೆ ಎಂಬತ್ತೋ ತೊಂಬತ್ತೋ ಕಾರು ನಿಂತಿದ್ದವು.

"ಮೈಕಲ್ಲಿ ಕೇಳಿಬಿಡಪ್ಪ" ಎಂದರು ಆಪರೇಟರ್. ಯಾರದೋ ಕಾರಿನ ಲೈಟು ಉರಿಯುತ್ತಿದ್ದರೆ ಆರಿಸಿ ಎಂದು ಹೇಳಲು ಅಲ್ಲಿ ಒಂದು ಮೈಕು ಇತ್ತು. ಅವರು ಸಿನಿಮಾದ ದನಿ ನಿಲ್ಲಿಸಿ ಮೈಕಿನ ಗುಂಡಿ ಒತ್ತಿದರು. ಯಜಮಾನರು ಮೈಕು ಹಿಡಿದುಕೊಂಡು ನಿಂತರು. ಬಾಯಿ ತೆರೆದರು, ಮಾತು ಬರಲಿಲ್ಲ. ಅವರ ಸ್ವಭಾವವೇ ಅಂಥದ್ದು, ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ಸಂಕೋಚ. ನನ್ನ ಕೈಗೆ ಕೊಟ್ಟರು.

"ಸಾರ್, ಪರದೆ ಹಿಂದೆ ನಮ್ಮತ್ತೆಗೆ ಉಸಿರಾಡಕ್ಕೆ ಆಗ್ತಿಲ್ಲ. ಯಾರಾದ್ರೂ ಕಾರಲ್ಲಿ ಆಸ್ಪತ್ರೆ ತನಕ ಬಿಡ್ತೀರಾ" ಎಂದೆ.

ನನ್ನ ದನಿ ಕಂಬ ಕಂಬದಿಂದ ನನಗೇ ತಿರುಗಿ ಕೇಳಿಸಿತು. ಯಾರೂ ಅಲುಗಲಿಲ್ಲ. ಪರದೆಯ ಮೇಲೆ ಜನ ಬಾಯಿ ಆಡಿಸುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ಯಾರೋ ಹಾರನ್ ಹೊಡೆದರು. ಬರುತ್ತೇನೆ ಎನ್ನಲು ಹೊಡೆದದ್ದಲ್ಲ, ದನಿ ಯಾಕೆ ನಿಂತಿತು ಎಂದು ಕೇಳಲು. ಇನ್ನೊಂದು ಸಲ ಹೇಳಿದೆ. ಎರಡನೇ ಸಲ "ಕೈ ಮುಗೀತೀನಿ" ಎಂದೂ ಸೇರಿಸಿದೆ.

ಆಗ ಕೊನೆಯ ಸಾಲಿನ ಮೂಲೆಯಲ್ಲಿ ಒಂದು ಫಿಯಟ್ ಕಾರಿನ ದೀಪ ಹೊತ್ತಿಕೊಂಡಿತು. ಅದು ಎಲ್ಲರ ನಡುವಿನ ದಾರಿಯಲ್ಲಿ ಹಾದು ಪರದೆಯ ಕಡೆ ಬಂತು. ಉಳಿದ ಕಾರುಗಳಿಂದ ತಲೆಗಳು ಹೊರಗೆ ಬಂದು ಅದನ್ನೇ ನೋಡಿದವು. ನಡೆಸುತ್ತಿದ್ದವರಿಗೆ ನಲವತ್ತರ ವಯಸ್ಸು. ಪಕ್ಕದಲ್ಲಿ ಒಬ್ಬ ಹೆಂಗಸು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ಅತ್ತೆಯನ್ನು ಯಜಮಾನರು ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಮಲಗಿಸುವಷ್ಟರಲ್ಲಿ ಆ ಹೆಂಗಸು ತಾವೇ ಮುಂದಿನಿಂದ ಇಳಿದು ಹಿಂದೆ ಬಂದು ಕೂತು, ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಕಾಲಿನ ಕಡೆ ಸೇರಿಕೊಂಡೆ.

"ನೀವೂ ಬನ್ನಿ" ಎಂದರು ಕಾರಿನವರು ನಮ್ಮ ಯಜಮಾನರಿಗೆ.

ಯಜಮಾನರು ಮಿಷಿನ್ ರೂಮಿನ ಕಡೆ ನೋಡಿದರು. "ನೀನು ಹೋಗಿರು, ಆಟ ಮುಗ್ಸಿ ಬರ್ತೀನಿ" ಎಂದರು ನನಗೆ. ಆ ಮಾತಿಗಾಗಿ ಅವರು ಬಹಳ ವರ್ಷ ಒಳಗೊಳಗೇ ಕೊರಗಿದರು. ನಾನು ಒಮ್ಮೆಯೂ ಎತ್ತಿ ಆಡಲಿಲ್ಲ. ಅವತ್ತು ಆಡಲು ಶಕ್ತಿ ಇರಲಿಲ್ಲ, ಆಮೇಲೆ ಆಡುವ ಅಗತ್ಯ ಕಾಣಲಿಲ್ಲ.

ಯಶವಂತಪುರದ ಆಸ್ಪತ್ರೆಯವರೆಗೂ ಆ ಹೆಂಗಸು ಅತ್ತೆಯ ಎದೆ ಸವರುತ್ತ, "ಅಮ್ಮಾ, ಬಾಯಿ ತೆಗೆದು ನಿಧಾನವಾಗಿ ಬಿಡಿ, ಹಾಂ, ಇನ್ನೊಂದ್ ಸಲ" ಎನ್ನುತ್ತಲೇ ಇದ್ದರು. ಅವಸರದಲ್ಲಿ ಅವರ ಕಾರಿನ ಕಿಟಕಿಗೆ ಸಿಕ್ಕಿಸಿದ್ದ ಸ್ಪೀಕರ್ ಡಬ್ಬಿಯೂ ಕಿತ್ತುಕೊಂಡು ಜೊತೆಗೇ ಬಂದಿತ್ತು. ಗೊರಗುಂಟೆಪಾಳ್ಯದ ಹತ್ತಿರ ಅದು ಸೀಟಿನ ಮೇಲೆ ಬಿದ್ದಾಗ ಕಾರಿನವರು ತೆಗೆದು ಹಿಂದಕ್ಕೆ ಕೊಟ್ಟರು. ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ನಾನು ಆಸ್ಪತ್ರೆಯೊಳಗೆ ಹೋದೆ.

ಒಳಗೆ ನರ್ಸು ಕರೆದುಕೊಂಡು ಬಂದವರ ಹೆಸರು ಕೇಳಿದರು. "ದಾರೀಲಿ ಹೋಗೋರು ಅಂತ ಬರ್ಕೊಳ್ಳಿ" ಎಂದರು ಕಾರಿನವರು. ಅತ್ತೆಗೆ ಆಮ್ಲಜನಕ ಕೊಟ್ಟು, ಸೂಜಿ ಚುಚ್ಚಿ, ಉಸಿರು ಹದಕ್ಕೆ ಬರುವತನಕ ಇಬ್ಬರೂ ವರಾಂಡದಲ್ಲಿ ನಿಂತಿದ್ದರು. ಹೊರಡುವ ಮುಂಚೆ ಹೆಂಗಸು ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕ, ನಮ್ಮಿಬ್ರನ್ನ ಅಲ್ಲಿ ನೋಡಿದ್ದು ಯಾರಿಗೂ ಹೇಳ್ಬೇಡಿ" ಎಂದರು. ನಾನು ಆಗಲಿ ಎಂದು ತಲೆಯಾಡಿಸಿದೆ. ಯಾಕೆ ಹಾಗೆ ಹೇಳಿದರು ಎಂದು ಯೋಚಿಸುವಷ್ಟು ಬುದ್ಧಿ ಆಗ ಓಡಲಿಲ್ಲ. ಎರಡು ದಿನದ ಮೇಲೆ ಬಟ್ಟೆ ತರಲು ಬಸ್ಸಿನಲ್ಲಿ ಮನೆಗೆ ಹೋಗುವಾಗ, ಕಂಬಿ ಹಿಡಿದು ನಿಂತುಕೊಂಡೇ ತೂಕಡಿಸುತ್ತಿದ್ದವಳಿಗೆ ಥಟ್ಟನೆ ಅರ್ಥವಾಯಿತು. ಅವರು ಗಂಡಹೆಂಡಿರಲ್ಲ, ಕತ್ತಲು ಬೇಕೆಂದೇ ಕೊನೆಯ ಸಾಲಿನ ಮೂಲೆಗೆ ಬರುತ್ತಿದ್ದವರು. ನಾನು ಕೂಗಿ ಕರೆದು, ಅಷ್ಟು ಜನರ ಎದುರಿಗೆ ದೀಪ ಹಾಕಿಕೊಂಡು ಬರುವಂತೆ ಮಾಡಿದ್ದೆ.

ಅತ್ತೆ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಐದನೆಯ ದಿನ ಆ ಹೆಂಗಸು ಒಬ್ಬರೇ ಬನ್ನು, ಕಿತ್ತಳೆ ಹಣ್ಣು ತೆಗೆದುಕೊಂಡು ಬಂದರು. ಅತ್ತೆ ಅವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ಮಕ್ಳೆಷ್ಟವ್ವ ನಿಂಗೆ" ಎಂದು ಕೇಳಿದರು.

"ಇಲ್ಲಮ್ಮ."

ನಾನು ಮುಖ ತಿರುಗಿಸಿಕೊಂಡೆ, ಇನ್ನೇನು ಶುರುವಾಗುತ್ತದೆ ಎಂದು. ಅತ್ತೆ, "ಓಗ್ಲಿ ಬುಡು" ಎಂದರು. ಅಷ್ಟೇ.

ಮಾಲೀಕರೂ ಒಮ್ಮೆ ಬಂದು ನೋಡಿದರು. "ಮೈಕ್ ಹಿಡ್ಕೊಂಡಿದ್ದು ಸರಿ ಮಾಡ್ದೆ ಬಿಡಮ್ಮ. ಆದ್ರೆ ಇನ್ಮೇಲೆ ಇಂಟರ್‌ವಲ್ ತನಕ ತಡ್ಕೊಳಕ್ಕಾಗತ್ತಾ ನೋಡು" ಎಂದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

ಮನೆಗೆ ಬಂದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಒಬ್ಬರು ಬಂದರು. ಗೇಟಿನವನು ಪರದೆಯ ಹಿಂದೆ ಹೋಗಿ ಕೇಳಿ ಎಂದು ಕಳಿಸಿದ್ದ. ಇಸ್ತ್ರಿ ಮಾಡಿದ ಅಂಗಿ, ಕಣ್ಣಿನ ಕೆಳಗೆ ಕಪ್ಪು. ನನ್ನ ಹಾಗೆಯೇ ಸರಿಯಾಗಿ ಮಲಗಿ ಎಷ್ಟು ದಿನವಾಯಿತೋ ಎನ್ನುವಂಥ ಮುಖ. ಅತ್ತೆ ನೆರಳಿನಲ್ಲಿ ಮಂಚದ ಮೇಲೆ ಕೂತಿದ್ದರು, ನಾನು ರಾಗಿ ಕೇರುತ್ತಿದ್ದೆ. ಅವರು ನೀರು ಕೇಳಿ ಕುಡಿದು, ಕಲ್ಲಿನ ಮೇಲೆ ಕೂತರು.

"ಆವತ್ತು ಇವ್ರನ್ನ ಯಾರೋ ಕಾರಲ್ಲಿ ಆಸ್ಪತ್ರೆಗೆ ಬಿಟ್ರಂತಲ್ಲಮ್ಮ. ಕಾರಲ್ಲಿ ಯಾರ್ಯಾರಿದ್ರು" ಎಂದು ಕೇಳಿದರು.

ನಾನು ರಾಗಿ ಕೇರುತ್ತಲೇ ಇದ್ದೆ.

"ಜಗಳಕ್ಕೆ ಬಂದಿಲ್ಲಮ್ಮ ನಾನು. ಒಬ್ರು ಒಂದ್ ಥರ ಹೇಳ್ತಾರೆ, ಇನ್ನೊಬ್ರು ಇನ್ನೊಂದ್ ಥರ. ಗೊತ್ತಾದ್ರೆ ಸಾಕು."

ಆ ಹೆಂಗಸಿಗೆ ಅವರು ಏನಾಗಬೇಕು ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅವರನ್ನು ನೋಡಿ ನನಗೆ ಸಂಕಟವಾಯಿತು. ನಿಜ ಹೇಳಿದರೆ ಈ ಮನುಷ್ಯನಿಗೆ ಇವತ್ತಾದರೂ ನಿದ್ದೆ ಬರಬಹುದು ಎನ್ನಿಸಿತು. ಬಾರದೆಯೂ ಹೋಗಬಹುದು.

"ಬಾಡಿಗೆ ಕಾರು ಸಾರ್. ಡ್ರೈವರ್ ಒಬ್ನೇ ಇದ್ದ" ಎಂದೆ.

"ಹೆಂಗಸ್ರು ಯಾರೂ ಇರ್ಲಿಲ್ವಾ."

ನನ್ನ ಕೈಯಲ್ಲಿದ್ದ ಮೊರ ನಿಂತಿತು. ಮಂಚದ ಮೇಲಿಂದ ಅತ್ತೆ ಹೇಳಿದರು: "ಎಂಗಸ್ರು ಅಂದ್ರೆ ನಾವಿಬ್ರೇ ಕಣಪ್ಪ. ನನ್ ತಲೆ ಇವ್ಳ ತೊಡೆ ಮ್ಯಾಲಿತ್ತು. ನಂಗೆ ಗ್ಯಾನ ಇತ್ತು, ಎಲ್ಲಾ ಕಂಡ್ತು."

ಅವರು ಕಲ್ಲಿನ ಮೇಲಿಂದ ಎದ್ದರು. ಲೋಟವನ್ನು ತಾವೇ ತೊಳೆದಿಟ್ಟು, "ಬರ್ತೀನಮ್ಮ" ಎಂದು ಹೊರಟರು. ಸ್ಕೂಟರ್ ನಾಲ್ಕೈದು ಸಲ ತುಳಿದ ಮೇಲೆ ಶುರುವಾಯಿತು.

ಅತ್ತೆ ಎಂಥವರು ಎಂದರೆ, ಪಕ್ಕದ ಹಳ್ಳಿಯಲ್ಲಿ ಒಬ್ಬಳು ಗಂಡನನ್ನು ಬಿಟ್ಟು ಬಂದಳೆಂದು ಅವಳ ಮನೆಯ ಮಜ್ಜಿಗೆಯನ್ನೂ ಮುಟ್ಟದವರು. ಈಗ ಏನು ಹೇಳುತ್ತಾರೋ ಎಂದು ನಾನು ಕಾಯುತ್ತಿದ್ದೆ. ಸ್ಕೂಟರಿನ ಸದ್ದು ದೂರವಾದ ಮೇಲೆ, "ಆಯಮ್ಮ ನನ್ ತಲೆ ಇಡ್ಕೊಂಡಿದ್ಲು ಕಣಮ್ಮಿ. ಆಯಮ್ಮನ ಸುದ್ದಿ ಈ ಮನ್ಯಾಗೆ ಇನ್ ಬ್ಯಾಡ" ಎಂದರು. ಆಮೇಲೆ ನಾವು ಎತ್ತಲೂ ಇಲ್ಲ. ಆ ಫಿಯಟ್ ಮತ್ತೆ ಬರಲಿಲ್ಲ. ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ದಿನದಿಂದ ಅತ್ತೆ ನನ್ನ ಬಸಿರಿನ ಮಾತು ತೆಗೆಯುವುದನ್ನು ಬಿಟ್ಟರು. ಸಂಜೆ ನಾನು ಬರುವ ಹೊತ್ತಿಗೆ ಒಲೆ ಹಚ್ಚಿ ಎಸರು ಇಟ್ಟಿರುತ್ತಿದ್ದರು.

ಟಾಕೀಸು ಅಲ್ಲಿಂದ ಮುಂದೆ ಇಳಿಮುಖವೇ. ಸ್ಕೂಟರುಗಳ ಹಿಂದೆ ಸೈಕಲ್ಲಿನವರು ಬಂದರು. ಅವರಿಗೆ ಕೂರಲು ಮುಂದೆ ಬೆಂಚು ಹಾಕಿಸಿದರು. ಕಾರಿಲ್ಲದವರಿಗೆ ಡಬ್ಬಿಯ ದನಿ ಸಾಲದೆ ದೊಡ್ಡ ಲೌಡ್‌ಸ್ಪೀಕರ್ ಕಟ್ಟಿದರು, ಅದು ನಮ್ಮ ಸೂರಿನ ಮೇಲೆಯೇ. ಕೊನೆಗೆ ಸುತ್ತಲ ಹಳ್ಳಿಯವರು ಚಾಪೆ ತಂದು ದಿಣ್ಣೆಗಳಿಗೆ ಒರಗಿಕೊಂಡು ನೋಡುತ್ತಿದ್ದರು. ಕಾರಿನವರು ಮನೆಯಲ್ಲೇ ಕಲರ್ ಟೀವಿ ತಂದುಕೊಂಡರು, ವಿಡಿಯೋ ಬಾಡಿಗೆಗೆ ತರಲು ಶುರು ಮಾಡಿದರು. ಆರನೇ ವರ್ಷದ ಮಳೆಗಾಲಕ್ಕೆ ಆಟ ನಿಲ್ಲಿಸಿದಾಗ ಮಾಲೀಕರು, "ಮುಚ್ಚಿಲ್ಲ ಕಣಪ್ಪ, ಮಳೆ ಕಳೀಲಿ. ನೀವು ನೋಡ್ಕೊಂಡಿರಿ" ಎಂದು ಯಜಮಾನರಿಗೆ ಹೇಳಿ ಹೋದರು. ಮಳೆ ಕಳೆಯಿತು. ಮಿಷಿನುಗಳನ್ನು ಲಾರಿಯಲ್ಲಿ ತೆಗೆದುಕೊಂಡು ಹೋದರು. ನಮಗೆ ಹೋಗಿ ಎಂದೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಯಜಮಾನರು ಪೀಣ್ಯದ ಒಂದು ಕಾರ್ಖಾನೆಗೆ ಸೇರಿಕೊಂಡರು. ನಾವು ಎರಡು ವರ್ಷ ಖಾಲಿ ಬಯಲನ್ನು ಕಾಯ್ದೆವು.

ಆ ಎರಡು ವರ್ಷ ಅತ್ತೆಯ ಉಬ್ಬಸ ಹತೋಟಿಗೆ ಬಂತು. ದೂಳಿಲ್ಲ, ಹೊಗೆಯಿಲ್ಲ. ಮೊದಲ ಮಳೆಗೆ ಅವರು ಗೌಡರ ಮನೆಯಿಂದ ಅವರೆ ಬೀಜ ತಂದು, ಕುಡುಗೋಲಿನ ತುದಿಯಲ್ಲಿ ಗುಳಿ ತೋಡಿ ಒಂದೊಂದು ಕಂಬದ ಬುಡಕ್ಕೂ ಹಾಕಿದರು. ಬಳ್ಳಿ ಕಂಬಕ್ಕೆ ಹಬ್ಬಿ, ಡಬ್ಬಿ ಸಿಕ್ಕಿಸುತ್ತಿದ್ದ ಕೊಕ್ಕೆಗಳಿಗೆ ಸುತ್ತಿಕೊಂಡು, ವೈರಿನ ಗುಂಟ ಪಕ್ಕದ ಕಂಬಕ್ಕೂ ಹೋಯಿತು. ಚಳಿಗಾಲಕ್ಕೆ ಬಯಲೆಲ್ಲ ಸೊಗಡಿನ ವಾಸನೆ. ಗೌಡರು ನೋಡಲು ಬಂದು, "ನಾನು ನಲವತ್ತ್ ವರ್ಷ ಉತ್ರೂ ಈ ಒಲ ಇಂಗೆ ಬೆಳ್ದಿರ್ಲಿಲ್ಲವ್ವ" ಎಂದರು. ಅತ್ತೆ ಅವರಿಗೂ ಒಂದು ಕುಕ್ಕೆ ಕಾಯಿ ಕೊಟ್ಟು ಕಳಿಸಿದರು. ಕಾಯಿ ಬಿಡಿಸಿ ಬಿಡಿಸಿ ನನ್ನ ಉಗುರಿನ ಸಂದು ಹಸಿರಾಗಿ, ಶೆಡ್ಡಿನಲ್ಲಿ ತಂತಿ ಹಿಡಿದರೆ ಉರಿಯುತ್ತಿತ್ತು.

ಎರಡನೇ ಬೆಳೆ ನಿಂತಿದ್ದಾಗ ಗುತ್ತಿಗೆ ಮುಗಿಯಿತು. ಗೌಡರು ಜಾಗವನ್ನು ಕಾರ್ಖಾನೆ ಶೆಡ್ಡು ಕಟ್ಟುವವರಿಗೆ ಕೊಟ್ಟರು. ಕಂಬ ಕೀಳಲು ಟ್ರ್ಯಾಕ್ಟರು, ಸರಪಳಿ ತೆಗೆದುಕೊಂಡು ಒಬ್ಬ ಮೇಸ್ತ್ರಿ ಬಂದ. ಅತ್ತೆ ಅವನ ಎದುರಿಗೆ ಹೋಗಿ, "ಕಾಯಿ ಇನ್ನೂ ಬಲಿತಿಲ್ಲ ಕಣಪ್ಪ" ಎಂದರು.

"ಎಷ್ಟ್ ದಿನ ಬೇಕಜ್ಜಿ?"

"ಎಂಟ್ ದಿನ ಕೊಡು."

ಅವನು ಬಯಲನ್ನೊಮ್ಮೆ ನೋಡಿದ. "ಮೊದ್ಲು ಗೋಡೆ ಕಡೆ ಕೆಲ್ಸ ಮಾಡ್ಕೋತೀವಿ ಬಿಡಿ" ಎಂದ. ಗೋಡೆ ಅವನು ಎಣಿಸಿದಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮೇಲಿನ ಅರ್ಧ ಒಡೆದು, ಕೆಳಗಿನದನ್ನು ಹೊಸ ಶೆಡ್ಡಿಗೆ ಕಾಂಪೌಂಡಾಗಿ ಉಳಿಸಿಕೊಳ್ಳುವುದು ಎಂದು ತೀರ್ಮಾನವಾಯಿತು. ನಮ್ಮ ಕೋಣೆಗಳ ಶೀಟು ಕೊನೆಯ ದಿನ ತೆಗೆದರು. ಅಷ್ಟು ಹೊತ್ತಿಗೆ ನಾವು ಅವರೆಯನ್ನೆಲ್ಲ ಕಿತ್ತು ಮೂರು ಗೋಣಿಗೆ ತುಂಬಿದ್ದೆವು.

ಒಂದು ಟೆಂಪೊ ಗೊತ್ತು ಮಾಡಿಕೊಂಡು ದಾಸರಹಳ್ಳಿಗೇ ಹಿಂತಿರುಗಿದೆವು, ಬೇರೆ ವಠಾರಕ್ಕೆ. ಅತ್ತೆ ಮುಂದೆ ಡ್ರೈವರಿನ ಪಕ್ಕ, ನಾನು ಹಿಂದೆ ಪಾತ್ರೆಗಳ ನಡುವೆ, ಯಜಮಾನರು ಸೈಕಲ್ಲಿನಲ್ಲಿ. ಹೊಸ ಮನೆಯ ಒಡತಿ ಬೀಗ ತೆಗೆದು ಕೊಡುತ್ತ, "ನಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಬರತ್ತೆ, ಆರು ಮನೆಗೆ ಒಂದೇ, ಬೇಗ ಎದ್ರೆ ಸಿಗತ್ತೆ" ಎಂದರು. ಸಾಮಾನು ಜೋಡಿಸಲು ಯಾರಿಗೂ ಕೈ ಏಳಲಿಲ್ಲ. ಅತ್ತೆ ಗೋಣಿಯ ಮೇಲೆ ಕೂತಲ್ಲೇ ನಿದ್ದೆ ಹೋದರು. ನಾನು ಇದ್ದ ಎರಡು ಬಿಂದಿಗೆಗಳನ್ನು ತೊಳೆದು ಹೊಸಿಲ ಹತ್ತಿರ ಇಟ್ಟು, ಬರಿ ನೆಲದ ಮೇಲೆ ಮಲಗಿಕೊಂಡೆ.